ಲೈನ್ ಮನೆಯಿಂದ ಹೆರಿಗೆ ವಾರ್ಡಿನವರೆಗೆ

(ದೃಶ್ಯ: ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟ, ಜಡಿಮಳೆ. ತೋಟದ ಕೂಲಿಕಾರರ ಸಾಲುಮನೆಯಾದ ಲೈನ್ ಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ ಪ್ಲಾಸ್ಟಿಕ್ ಚೀಲ. ಒಳಗೆ ಗರ್ಭಿಣಿಯ ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡ್.)

ನಮಸ್ಕಾರ. ಮನೆಯ ಉಳಿದ ಕಾಗದಗಳೆಲ್ಲ ಟ್ರಂಕಿನಲ್ಲಿದ್ದರೂ ಈ ಕಾರ್ಡು ಮಾತ್ರ ಬಾಗಿಲ ಬಳಿಯೇ ಇದೆ. ನೋವು ಕಾಣಿಸಿಕೊಂಡಾಗ ಹುಡುಕಾಡುವಂತಾಗಬಾರದು ಎಂಬುದು ಈ ಮನೆಯವರ ಮುನ್ನೆಚ್ಚರಿಕೆ.

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಷ್ಟೇ ಅಲ್ಲ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಅದಕ್ಕೆ ಬಿಪಿಎಲ್ ಕಾರ್ಡ್ ಇರಲೇಬೇಕೆಂಬ ನಿಯಮವೂ ಇಲ್ಲ. ಹಾಗಿದ್ದೂ ಬಡ ಹೆಣ್ಣುಮಕ್ಕಳಿಗೆ ಹೆರಿಗೆ ಭಾರವಾಗುತ್ತಿದೆ. ಏಕೆಂದರೆ ಅವರ ಖರ್ಚು ಶುರುವಾಗುವುದು ಆಸ್ಪತ್ರೆಯಲ್ಲಲ್ಲ, ದಾರಿಯಲ್ಲಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರು ಗರ್ಭಿಣಿಯರನ್ನು ಉಚಿತವಾಗಿ ತಪಾಸಣೆ ಮಾಡುತ್ತಾರೆ. ಆದರೆ ಕಾಫಿ ಹಣ್ಣು ಕೊಯ್ಯುವ ದಿನಗಳಲ್ಲಿ ಅಲ್ಲಿಗೆ ಹೋದರೆ ಆಕೆಯ ಕೂಲಿಯೂ ಹೋಯಿತು, ಜೊತೆಗೆ ಹೋದವರ ಕೂಲಿಯೂ ಹೋಯಿತು. ಹೀಗೆ ಒಂದೆರಡು ತಪಾಸಣೆ ತಪ್ಪಿದರೆ ರಕ್ತಹೀನತೆ ಬೆಳಕಿಗೆ ಬರುವುದೇ ಎಂಟನೆಯ ತಿಂಗಳಿನಲ್ಲಿ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಕಬ್ಬಿಣಾಂಶದ ಮಾತ್ರೆ ಫಲ ಕೊಡಲು ವಾರಗಳೇ ಬೇಕು. ಅಷ್ಟು ಸಮಯ ಉಳಿಯದಿದ್ದಾಗ ರಕ್ತ ಕೊಡಿಸಬೇಕಾಗುತ್ತದೆ. ಆ ವ್ಯವಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರುವುದಿಲ್ಲವಾದ್ದರಿಂದ, ಘಟ್ಟದ ತಿರುವುಗಳಲ್ಲಿ ಮತ್ತೊಂದು ಪ್ರಯಾಣ ಅನಿವಾರ್ಯ.

(ದೃಶ್ಯ: ಹಾಸನ ನಗರ, ಕಟ್ಟುತ್ತಿರುವ ಮನೆ, ಪಕ್ಕದಲ್ಲಿ ತಗಡಿನ ಶೆಡ್ಡು.)

ನಗರದಲ್ಲಿ ಆಸ್ಪತ್ರೆ ಹತ್ತಿರವಿದೆ, ನಿಜ. ಆದರೆ ಕಟ್ಟಡ ಮುಗಿದೊಡನೆ ಶೆಡ್ಡೂ ಬೇರೆಡೆಗೆ ಹೋಗುವುದರಿಂದ ಅಲ್ಲಿನ ಗರ್ಭಿಣಿ ಯಾವ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲೂ ನೆಲೆಯಾಗಿ ಉಳಿಯುವುದಿಲ್ಲ. ಮೊದಲ ಹೆರಿಗೆಗೆ ತವರಿಗೆ ಹೋಗುವ ವಾಡಿಕೆ ನಮ್ಮಲ್ಲಿದೆ. ದುಡಿಯಲು ದೂರದಿಂದ ಬಂದವಳಿಗೆ ಆ ಆಸರೆಯೂ ಇಲ್ಲ. ಆದ್ದರಿಂದ ಮೂರು ತಿಂಗಳು ತುಂಬುವ ಮೊದಲೇ, ಈಗ ಇರುವ ಬಡಾವಣೆಯ ಆರೋಗ್ಯ ಕೇಂದ್ರದಲ್ಲೇ ಹೆಸರು ಬರೆಸಿ, ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಊರು ಬದಲಾದರೂ ಅದನ್ನು ಜೊತೆಯಲ್ಲೇ ಒಯ್ಯಿರಿ.

ತೋಟದ ಮಾಲೀಕರಲ್ಲಿ ನನ್ನದೊಂದು ಬಿನ್ನಹವಿದೆ. ತಪಾಸಣೆಯ ದಿನ ಕೂಲಿ ಹಿಡಿಯಬೇಡಿ; ರಾತ್ರಿ ನೋವು ಬಂದರೆ ಜೀಪು ಯಾರು ಓಡಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಿ. 108 ವಾಹನವಾಗಲಿ, ಹೆರಿಗೆಯ ನಂತರ ಮನೆಗೆ ಬಿಡುವ ನಗು-ಮಗು ವಾಹನವಾಗಲಿ ಮಳೆಗಾಲದ ಕೆಸರಿನಲ್ಲಿ ಲೈನ್ ಮನೆಯವರೆಗೆ ಬರಲಾಗದಿದ್ದರೆ, ತೋಟದ ಗೇಟಿನಿಂದ ಆ ಏರು ದಾರಿಯನ್ನು ಹಸಿ ಬಾಣಂತಿ ಕೂಸನ್ನೆತ್ತಿಕೊಂಡು ನಡೆದೇ ಹತ್ತಬೇಕಾಗುತ್ತದೆ.