ಚೋರ್ಲಾ ಘಾಟ್‌ಗೆ ಒಂದು ಬ್ರೇಕ್ ಪ್ಯಾಡ್, ಆಟೋಕ್ರಾಸ್‌ಗೆ ಒಂದು?

ನಮಸ್ಕಾರ. ಇವತ್ತು ಬೆಳಗಾವಿಯ ಉದ್ಯಮಬಾಗ್‌ನಲ್ಲಿದ್ದೇನೆ, ಪರಿಚಯದವರ ಗ್ಯಾರೇಜಿನಲ್ಲಿ. ನೀವು ನೋಡುತ್ತಿರುವುದು ನನ್ನ ಸ್ವಿಫ್ಟ್‌ನ ಮುಂದಿನ ಎಡ ಚಕ್ರದ ಬ್ರೇಕ್ ಡಿಸ್ಕ್. ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಬಿಚ್ಚಿ ತಂತಿ ಹಾಕಿ ಸ್ಪ್ರಿಂಗಿಗೆ ಕಟ್ಟಿದ್ದಾರೆ. ಅದರ ಭಾರ ಬ್ರೇಕ್ ಆಯಿಲ್ ಬರುವ ರಬ್ಬರ್ ಹೋಸ್ ಮೇಲೆ ಬೀಳಬಾರದು, ಅದಕ್ಕೆ. ಬೆಂಚ್ ಮೇಲೆ ಎರಡು ಜೊತೆ ಪ್ಯಾಡ್ ಇವೆ. ಒಂದು ಗಾಡಿ ಜೊತೆ ಬಂದ ಮಾಮೂಲಿ ಪ್ಯಾಡ್. ಇನ್ನೊಂದು ಹೊಸದು, ಪರ್ಫಾರ್ಮೆನ್ಸ್ ಪ್ಯಾಡ್ ಅಂತ ಮಾರುತ್ತಾರಲ್ಲ, ಅದು.

ಹುಡುಗರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: "ವಾರ ಪೂರ್ತಿ ಆಫೀಸ್, ರಜೆ ಬಂದರೆ ಗೋವಾ, ಆಗೊಮ್ಮೆ ಈಗೊಮ್ಮೆ ಆಟೋಕ್ರಾಸ್. ಯಾವ ಪ್ಯಾಡ್ ಹಾಕಿಸಲಿ?" ಆಟೋಕ್ರಾಸ್ ಅಂದರೆ ಮಣ್ಣಿನ ಮೈದಾನದಲ್ಲಿ ಕೋನ್ ಸುತ್ತಿ ಸಮಯದ ಲೆಕ್ಕಕ್ಕೆ ಓಡಿಸುವ ಸ್ಪರ್ಧೆ. ನಾನು ತಿರುಗಿ ಕೇಳುವುದು ಒಂದೇ. ಡಿಸೆಂಬರ್ ಬೆಳಗ್ಗೆ ಗಾಡಿ ತೆಗೆದು, ಮನೆ ಸಂದಿಯಿಂದ ರೋಡಿಗೆ ಬರುವಾಗ ಅಡ್ಡ ಒಂದು ಸ್ಕೂಟರ್ ಬಂತು ಅಂದುಕೊಳ್ಳಿ. ಆ ಮೊದಲ ಬ್ರೇಕ್‌ಗೆ ನಿಮ್ಮ ಪ್ಯಾಡ್ ಹಿಡಿಯುತ್ತಾ? ಹಿಡಿಯುತ್ತದೆ ಅಂದರೆ ಮಾತ್ರ ಮುಂದಿನ ಮಾತು. ರೇಸ್ ದಿನದ ಅತಿ ಬಿಸಿ ಬ್ರೇಕ್ ನೋಡಿ ಪ್ಯಾಡ್ ಆರಿಸುವವರೇ ಹೆಚ್ಚು. ವರ್ಷದಲ್ಲಿ ಆ ಬಿಸಿ ಬರುವುದು ಎಷ್ಟು ಸಲ? ತಣ್ಣಗಿನ ಬ್ರೇಕ್ ಮಾತ್ರ ದಿನಾ ಇದ್ದದ್ದೇ.

ಪ್ಯಾಡ್ ಅಂದರೆ ಉಕ್ಕಿನ ತಗಡಿನ ಮೇಲೆ ಒತ್ತಿ ಬೇಯಿಸಿದ ಮಿಶ್ರಣ. ನಾರು, ಲೋಹದ ಪುಡಿ, ಗ್ರಾಫೈಟ್, ಇವನ್ನೆಲ್ಲ ಹಿಡಿದಿಡಲು ಒಂದು ರೆಸಿನ್. ಪ್ರತಿ ಮಿಶ್ರಣಕ್ಕೂ ತನ್ನದೇ ಒಂದು ಬಿಸಿಯ ಹದ ಇರುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಸರಿಯಾಗಿ ಹಿಡಿಯುವುದಿಲ್ಲ. ಮೀರಿದರೆ ರೆಸಿನ್ ಸುಟ್ಟು ಗ್ಯಾಸ್ ಬಿಡುತ್ತದೆ, ಹಿಡಿತ ಕುಸಿಯುತ್ತದೆ. ಇದನ್ನೇ ಫೇಡ್ ಅನ್ನುವುದು. ಮಾಮೂಲಿ ರಸ್ತೆ ಪ್ಯಾಡ್ ತಣ್ಣಗಿರುವಾಗಲೇ ಚೆನ್ನಾಗಿ ಹಿಡಿಯುತ್ತದೆ, 300 ಡಿಗ್ರಿ ದಾಟಿತು ಅಂದರೆ ಸುಸ್ತಾಗಲು ಶುರು. ಪಕ್ಕಾ ರೇಸ್ ಪ್ಯಾಡ್ ಇದಕ್ಕೆ ಉಲ್ಟಾ. 500-600 ಡಿಗ್ರಿಯಲ್ಲೂ ಜಗ್ಗುವುದಿಲ್ಲ, ಆದರೆ ಬೆಳಗ್ಗೆ ಗೋಗಟೆ ಸರ್ಕಲ್ ಸಿಗ್ನಲ್‌ನಲ್ಲಿ ನಿಲ್ಲಿಸಬೇಕು ಅಂದರೆ ಪೆಡಲ್ ಮೇಲೆ ಎದ್ದು ನಿಲ್ಲಬೇಕಾಗುತ್ತದೆ.

ಬಿಸಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ಸ್ವಲ್ಪ ಲೆಕ್ಕ ಹಾಕೋಣ. ಬೇಜಾರಾದರೆ ಒಂದು ನಿಮಿಷ ಮುಂದೆ ಓಡಿಸಿ, ಪರವಾಗಿಲ್ಲ. ನಾನು ಕೂತರೆ ಈ ಗಾಡಿ ಸುಮಾರು ಒಂದು ಟನ್. 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದರೆ ಸುಮಾರು 386 ಕಿಲೋಜೂಲ್ ಶಕ್ತಿ ಶಾಖವಾಗುತ್ತದೆ. 60ರಿಂದ ನಿಲ್ಲಿಸಿದರೆ ಬರೀ 139. ವೇಗ ಎರಡು ಪಟ್ಟೂ ಆಗಿಲ್ಲ, ಶಾಖ ಮಾತ್ರ 2.8 ಪಟ್ಟು.

ಈಗ ಘಾಟ್‌ಗೆ ಬನ್ನಿ. ಬೆಳಗಾವಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಇಳಿದು ಗೋವಾದ ಕೇರಿ, ಸಾಖಳಿ ಕಡೆ ಹೋದರೆ ಆ ಎತ್ತರದ ಬಹುಪಾಲು ಇಳಿದುಬಿಟ್ಟಿರುತ್ತೇವೆ. ಒಂದು ಟನ್ ಗಾಡಿ 600 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ, 100ರ ವೇಗದಿಂದ ಸುಮಾರು ಹದಿನೈದು ಸಲ ನಿಲ್ಲಿಸಿದಷ್ಟು. ನೀವು ನಲವತ್ತರಲ್ಲೇ ಇಳಿಯಿರಿ, ಲೆಕ್ಕ ಬದಲಾಗುವುದಿಲ್ಲ. ಗಾಳಿ, ಟೈರ್, ಎಂಜಿನ್ ಸ್ವಲ್ಪ ಪಾಲು ತಿನ್ನುತ್ತವೆ. ಉಳಿದದ್ದೆಲ್ಲ ಬ್ರೇಕ್ ತಲೆ ಮೇಲೆ. ಮೂರನೆಯ ಅಥವಾ ಎರಡನೆಯ ಗೇರಿನಲ್ಲಿ ಇಳಿದರೆ ಎಂಜಿನ್ ಜಾಸ್ತಿ ಪಾಲು ಹೊರುತ್ತದೆ. ಘಾಟ್ ಇಳಿದು ಚಹಾಕ್ಕೆ ನಿಂತಾಗ ಸುಟ್ಟ ವಾಸನೆ ಬರುವ ಗಾಡಿಗಳನ್ನು ಗಮನಿಸಿ. ನ್ಯೂಟ್ರಲ್‌ನಲ್ಲೋ ನಾಲ್ಕನೆಯ ಗೇರಿನಲ್ಲೋ ಬ್ರೇಕ್ ಒತ್ತಿಕೊಂಡೇ ಬಂದಿರುತ್ತಾರೆ. ಅವರಿಗೆ ಬೇಕಿರುವುದು ಪರ್ಫಾರ್ಮೆನ್ಸ್ ಪ್ಯಾಡ್ ಅಲ್ಲ.

ಬ್ರೇಕ್ ಕೈಕೊಡುವುದರಲ್ಲೂ ಎರಡು ಬಗೆ ಇದೆ. ಇದನ್ನು ಕಾಲಿನಲ್ಲೇ ಗುರುತಿಸಬಹುದು. ಪೆಡಲ್ ಗಟ್ಟಿಯಾಗಿಯೇ ಇದೆ, ಒತ್ತಿದರೂ ಗಾಡಿ ನಿಲ್ಲುತ್ತಿಲ್ಲ ಅಂದರೆ ಪ್ಯಾಡ್ ಫೇಡ್ ಆಗಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದೆ ಅಂದರೆ ಬ್ರೇಕ್ ಆಯಿಲ್ ಕುದಿಯುತ್ತಿದೆ. ಒಳಗೆ ಆವಿಯ ಗುಳ್ಳೆ ಬಂದಿದೆ. ಆವಿ ಒತ್ತಿದರೆ ಕುಗ್ಗುತ್ತದೆ, ಹಾಗಾಗಿ ಒತ್ತಡ ಕ್ಯಾಲಿಪರ್‌ವರೆಗೆ ಮುಟ್ಟುವುದೇ ಇಲ್ಲ. ಎರಡನೆಯದು ಹೆಚ್ಚು ಅಪಾಯ. ಜಗತ್ತಿನ ಎಷ್ಟೇ ದುಬಾರಿ ಪ್ಯಾಡ್ ಹಾಕಿದರೂ ಅದು ಸರಿಹೋಗುವುದಿಲ್ಲ.

ನಮ್ಮ ಮೇಸ್ತ್ರಿ ಹೇಳುವುದೂ ಇದನ್ನೇ. "ಸರ, ಮೊದ್ಲ ಆಯಿಲ್ ಬದ್ಲಿ ಮಾಡ್ರಿ. ಆಮ್ಯಾಲ ಪ್ಯಾಡಿನ ಮಾತ." ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ಅದಕ್ಕೇನು ಕೊರತೆ! ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿಗೆ. ತೇವ ಕುಡಿದ ಮೇಲೆ ಆ ಕನಿಷ್ಠ ಮಿತಿ 155. ಡಾಟ್ 5.1 ಆದರೆ 260 ಮತ್ತು 180. ಬರೀ ಡಾಟ್ 5 ಅಂತ ಇರುವುದು ಬೇರೆಯೇ, ಅದು ಸಿಲಿಕೋನ್. ಇವುಗಳ ಜೊತೆ ಅದನ್ನು ಬೆರೆಸಲೇಬಾರದು. ಡಬ್ಬಿ ಮೇಲಿನ ಆ ಚುಕ್ಕಿ-ಒಂದು ಸರಿಯಾಗಿ ನೋಡಿಕೊಳ್ಳಿ.

ಸರಿ, ಈಗ ಪ್ಯಾಡ್ ಕೈಗೆ ತಗೊಳ್ಳೋಣ. ಕ್ಯಾಮೆರಾ ಹತ್ತಿರ ತರುತ್ತೇನೆ. ಅಂಚಿನಲ್ಲಿ ಸಣ್ಣ ಅಕ್ಷರ, ಅಂಕಿಗಳ ಒಂದು ಸಾಲು ಇದೆ, ಕೊನೆಯಲ್ಲಿ ಎರಡು ಇಂಗ್ಲಿಷ್ ಅಕ್ಷರ. ಹಳೆಯದರಲ್ಲಿ ಎಫ್‌ಎಫ್. ಹೊಸದರಲ್ಲಿ ಜಿಜಿ. ಮೊದಲ ಅಕ್ಷರ ಮಾಮೂಲಿ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಜಾಸ್ತಿ ಬಿಸಿಯಲ್ಲಿನದು. ಇ ಅಂದರೆ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, 0.25ರಿಂದ 0.35. ಎಫ್ ಅಂದರೆ 0.35ರಿಂದ 0.45. ಜಿ ಅಂದರೆ 0.45ರಿಂದ 0.55. ಮೊದಲನೆಯದಕ್ಕಿಂತ ಎರಡನೆಯ ಅಕ್ಷರ ಕೆಳಗಿದ್ದರೆ, ಉದಾಹರಣೆಗೆ ಎಫ್‌ಇ, ಬಿಸಿಯಾದಾಗ ಹಿಡಿತ ಇಳಿಯುತ್ತದೆ ಅಂತ ಅರ್ಥ.

ಆದರೆ ಇದನ್ನೇ ನಂಬಿ ಕೂರಬೇಡಿ. ಈ ಪರೀಕ್ಷೆ ನಡೆಯುವುದು ಗಾಡಿಯಲ್ಲಿ ಅಲ್ಲ, ಒಂದಿಂಚು ಚದರದ ತುಂಡನ್ನು ಮೆಷಿನ್‌ನಲ್ಲಿ ಉಜ್ಜಿ ನೋಡುತ್ತಾರೆ. ಬಿಸಿ ಪರೀಕ್ಷೆ ಕೂಡ ಸುಮಾರು 340 ಡಿಗ್ರಿಗೆ ಮುಗಿಯುತ್ತದೆ. ಟ್ರ್ಯಾಕ್‌ನಲ್ಲಿ 500 ಡಿಗ್ರಿಯಾದಾಗ ಏನಾಗುತ್ತದೆ ಅಂತ ಆ ಎರಡು ಅಕ್ಷರ ಏನೂ ಹೇಳುವುದಿಲ್ಲ. ಅದಕ್ಕೆ ಕಂಪನಿ ಕೊಡುವ ಗ್ರಾಫ್ ನೋಡಬೇಕು, ಯಾವ ಬಿಸಿಯಲ್ಲಿ ಎಷ್ಟು ಹಿಡಿತ ಅಂತ. ಆ ಗೆರೆ ಎಡತುದಿಯಲ್ಲಿ, ಅಂದರೆ ತಣ್ಣಗಿರುವಾಗ, ಎಲ್ಲಿಂದ ಶುರುವಾಗುತ್ತದೆ ಅನ್ನುವುದನ್ನೇ ನಾನು ಮೊದಲು ನೋಡುವುದು. ಗೆರೆ ಆದಷ್ಟು ಸಮನಾಗಿರಬೇಕು. ಎಲ್ಲೋ ಒಂದು ಕಡೆ ಗುಡ್ಡದ ಹಾಗೆ ಎದ್ದು ಆಮೇಲೆ ಬೀಳುವ ಪ್ಯಾಡ್ ಓಡಿಸುವವನಿಗೆ ಕಷ್ಟ. ಕಾಲಿಗೆ ಅಂದಾಜೇ ಸಿಗುವುದಿಲ್ಲ.

ಬಗೆಗಳ ವಿಷಯ ಬೇಗ ಮುಗಿಸುತ್ತೇನೆ. ಆರ್ಗ್ಯಾನಿಕ್ ಪ್ಯಾಡ್ ಮೆತ್ತಗೆ, ಸದ್ದಿಲ್ಲ, ಬೇಗ ಫೇಡ್. ಸೆರಾಮಿಕ್‌ಗೆ ಧೂಳು ಕಡಿಮೆ, ರಸ್ತೆಗೆ ಚೆನ್ನ, ಆದರೆ ಸೆರಾಮಿಕ್ ಅಂದ ಮಾತ್ರಕ್ಕೆ ರೇಸ್ ಪ್ಯಾಡ್ ಅಲ್ಲ. ಲೋಹ ಜಾಸ್ತಿ ಇರುವ ಸೆಮಿ ಮೆಟಾಲಿಕ್ ಬಿಸಿ ತಡೆಯುತ್ತದೆ, ಧೂಳು ಮತ್ತು ಕಿರಿಕಿರಿ ಸದ್ದು ಜಾಸ್ತಿ. ಫೆರೋಡೋ ಕಂಪನಿಯ ಡಿಎಸ್ 2500, ಇಬಿಸಿ ಕಂಪನಿಯ ಯೆಲ್ಲೋಸ್ಟಫ್ ಅಂತ ಕೇಳಿರುತ್ತೀರಿ. ಇವೆಲ್ಲ ರಸ್ತೆಗೂ ಟ್ರ್ಯಾಕ್‌ಗೂ ನಡುವಿನವು. ಅಂದ ಹಾಗೆ ಫೆರೋಡೋ ಇಂದು ನಿನ್ನೆಯದಲ್ಲ. ಹರ್ಬರ್ಟ್ ಫ್ರೂಡ್ ಅನ್ನುವವರು ಇಂಗ್ಲೆಂಡಿನಲ್ಲಿ 1897ರಲ್ಲಿ ಶುರು ಮಾಡಿದ್ದು. ಗುಡ್ಡ ಇಳಿಯುವ ಕುದುರೆ ಗಾಡಿಗಳನ್ನು ನಿಲ್ಲಿಸುವುದೇ ಆಗಿನ ತಲೆನೋವು. ಘಾಟ್ ಸಮಸ್ಯೆ ನಮಗೊಬ್ಬರಿಗೇ ಅಲ್ಲ, ಅಲ್ವಾ?

ಈಗ ಆಟೋಕ್ರಾಸ್. ಮಣ್ಣಿನ ಮೈದಾನ, ಕೋನ್‌ಗಳು, ಸಮಯದ ಲೆಕ್ಕ. ಓಟ ಒಂದೆರಡು ನಿಮಿಷ. ಆಮೇಲೆ ಮುಂದಿನ ಸರದಿ ಬರುವವರೆಗೆ ಗಾಡಿ ನೆರಳಲ್ಲಿ ನಿಂತಿರುತ್ತದೆ. ಡಿಸ್ಕ್ ಅಷ್ಟರಲ್ಲಿ ತಣ್ಣಗಾಗಿಬಿಡುತ್ತದೆ. ಇಲ್ಲಿ ರೇಸ್ ಪ್ಯಾಡ್ ಹಾಕಿದರೆ ಅದು ಹದದ ಬಿಸಿಗೆ ಬರುವ ಹೊತ್ತಿಗೆ ಓಟ ಮುಗಿದಿರುತ್ತದೆ. ಇನ್ನೊಂದು, ಸಡಿಲ ಮಣ್ಣಲ್ಲಿ ಮಾಮೂಲಿ ಪ್ಯಾಡೇ ಚಕ್ರ ಲಾಕ್ ಮಾಡುತ್ತದೆ. ಗಾಡಿಯನ್ನು ನಿಲ್ಲಿಸುವುದು ಕೊನೆಗೂ ಟೈರ್. ಟೈರ್ ಹಿಡಿತ ಮುಗಿದ ಮೇಲೆ ಪ್ಯಾಡ್ ಎಷ್ಟು ಗಟ್ಟಿ ಹಿಡಿದರೇನು? ಹಾಗಾಗಿ ಮಣ್ಣಿಗೆ ಬೇಕಾದ್ದು ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಹಿಡಿಯುವ ಪ್ಯಾಡ್. ಮುಟ್ಟಿದ ತಕ್ಷಣ ಕಚ್ಚುವುದು ಬೇಡ. ದುಡ್ಡಿದ್ದರೆ ಮೊದಲು ಟೈರ್‌ಗೆ ಹಾಕಿ.

ಡಾಂಬರು ಟ್ರ್ಯಾಕ್ ಕಥೆಯೇ ಬೇರೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ. ಟ್ರ್ಯಾಕ್ ಡೇ ಅಂತ ಅಲ್ಲಿಗೆ ಹೋದರೆ ಲ್ಯಾಪ್ ಮೇಲೆ ಲ್ಯಾಪ್, ತಣ್ಣಗಾಗಲು ಬಿಡುವೇ ಇಲ್ಲ. ಚೆನ್ನೈ ಟ್ರ್ಯಾಕ್ 3.7 ಕಿ.ಮೀ. ಉದ್ದ, ನೇರ ರಸ್ತೆಯ ಕೊನೆಯಲ್ಲಿ ದೊಡ್ಡ ವೇಗದಿಂದ ಬ್ರೇಕ್ ಒತ್ತಬೇಕು. ಅಲ್ಲಿ ಮಾಮೂಲಿ ಪ್ಯಾಡ್ ಕೆಲವೇ ಲ್ಯಾಪ್‌ಗೆ ಕೈ ಎತ್ತುತ್ತದೆ. ಅಂಥ ದಿನಕ್ಕೆ ಬೇರೆ ಒಂದು ಜೊತೆ ಒಯ್ದು ಅಲ್ಲೇ ಬದಲಿಸುವುದು ಒಳ್ಳೆಯದು. ಎರಡು ಪಿನ್ ಬೋಲ್ಟು, ಕ್ಯಾಲಿಪರ್ ಒಳಗೆ ಪ್ಯಾಡ್ ತಳ್ಳುವ ಪಿಸ್ಟನ್ ಹಿಂದಕ್ಕೆ ಒತ್ತುವುದು, ಅಷ್ಟೇ ಕೆಲಸ. ಪಿಸ್ಟನ್ ಒತ್ತುವಾಗ ಆಯಿಲ್ ಡಬ್ಬಿ ಉಕ್ಕದ ಹಾಗೆ ನೋಡಿಕೊಳ್ಳಿ, ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದುಹೋಗುತ್ತದೆ.

ಬದಲಿಸಿದರೆ ಸಾಕಾ? ಸಾಲದು. ಹೊಸ ಪ್ಯಾಡನ್ನು ಡಿಸ್ಕ್‌ಗೆ ಹೊಂದಿಸಬೇಕು. ಬೆಡ್ ಮಾಡುವುದು ಅನ್ನುತ್ತಾರೆ. ಇದನ್ನು ಬಿಟ್ಟುಬಿಡುವವರೇ ಜಾಸ್ತಿ, ಆಮೇಲೆ ಪ್ಯಾಡ್ ಚೆನ್ನಾಗಿಲ್ಲ ಅಂತ ಬೈಯುತ್ತಾರೆ. ಬೆಳಗ್ಗೆ ಬೇಗ, ಖಾಲಿ ರಸ್ತೆ ನೋಡಿಕೊಳ್ಳಿ, ಹಿಂದೆ ಯಾರೂ ಇರಬಾರದು. 60ರಿಂದ 15ರವರೆಗೆ ಮಧ್ಯಮ ಒತ್ತಡದಲ್ಲಿ ಎಂಟ್ಹತ್ತು ಸಲ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಆಮೇಲೆ 80ರಿಂದ ಸ್ವಲ್ಪ ಜೋರಾಗಿ ಕೆಲವು ಸಲ. ವಾಸನೆ ಬರುತ್ತದೆ, ಸ್ವಲ್ಪ ಹೊಗೆಯೂ ಬರಬಹುದು, ಗಾಬರಿ ಬೇಡ. ನಂತರ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ತಣ್ಣಗೆ ಮಾಡಿ. ಪ್ಯಾಡ್ ಕಂಪನಿ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಮಾಡಿ. ಹೀಗೆ ಮಾಡಿದಾಗ ಪ್ಯಾಡಿನ ತೆಳುವಾದ ಪದರ ಡಿಸ್ಕ್ ಮೇಲೆ ಸಮನಾಗಿ ಕೂರುತ್ತದೆ. ಬಿಸಿ ಇರುವಾಗಲೇ ನಿಲ್ಲಿಸಿ ಪೆಡಲ್ ಒತ್ತಿ ಹಿಡಿದರೆ ಆ ಜಾಗದಲ್ಲಿ ಮಾತ್ರ ದಪ್ಪ ಅಂಟಿಕೊಳ್ಳುತ್ತದೆ. ಆಮೇಲೆ ಸ್ಟಿಯರಿಂಗ್ ನಡುಗಲು ಶುರು. ಡಿಸ್ಕ್ ಬೆಂಡ್ ಆಗಿದೆ ಅಂತ ಎಲ್ಲರೂ ಹೇಳುವ ಎಷ್ಟೋ ಕೇಸು ನಿಜವಾಗಿ ಈ ಕಲೆ ಅಷ್ಟೇ.

ನಮ್ಮ ಊರಲ್ಲಿ ಇದಕ್ಕೊಂದು ಅನುಕೂಲ ಇದೆ. ಉದ್ಯಮಬಾಗ್ ಅಂದರೆ ಫೌಂಡ್ರಿ, ಲೇತ್ ತುಂಬಿದ ಜಾಗ. ಡಿಸ್ಕ್ ಕೂಡ ಬೀಡು ಕಬ್ಬಿಣವೇ ಅಲ್ವಾ? ಇಲ್ಲಿನವರಿಗೆ ಅದರ ಗುಣ ಗೊತ್ತು. ಈ ಡಿಸ್ಕ್ ಮೇಲಿನ ನೀಲಿ ಕಲೆ ನೋಡಿ. ಬಿಸಿ ಕಂಡಿದೆ ಅಂತ ಗುರುತು. ವಿಪರೀತ ಬಿಸಿಯಾದರೆ ಕಬ್ಬಿಣದ ಆ ಭಾಗ ಸಿಮೆಂಟೈಟ್ ಆಗಿ, ಅಂದರೆ ಕಬ್ಬಿಣ-ಇಂಗಾಲದ ಗಡುಸು ಸಂಯುಕ್ತವಾಗಿ, ಗಟ್ಟಿಯಾಗುತ್ತದೆ. ಮೇಲಿನ ಪದರ ಲೇತ್‌ನಲ್ಲಿ ತೆಗೆದರೂ ಕೆಳಗೆ ಇನ್ನೂ ಗಟ್ಟಿ ಇರುತ್ತದೆ, ಮತ್ತೆ ನಡುಕ ಬರುತ್ತದೆ. ಅಂಥದ್ದನ್ನು ಗುಜರಿಗೆ ಹಾಕಬೇಕು. ಬರೀ ಪ್ಯಾಡ್ ಕಲೆ ಆದರೆ ಲೇತ್‌ನಲ್ಲಿ ಮೇಲ್ಪದರ ತುಸು ಕೆತ್ತಿಸಿ ಸ್ಕಿಮ್ ಮಾಡಿಸಬಹುದು. ಮಾಡಿಸುವ ಮೊದಲು ಡಿಸ್ಕ್ ಮೇಲೆ ಕೊರೆದಿರುವ ಕನಿಷ್ಠ ದಪ್ಪ ಓದಿ, ಮೈಕ್ರೋಮೀಟರ್ ಹಿಡಿದು ಅಳೆಸಿ. ಅದಕ್ಕಿಂತ ತೆಳುವಾದರೆ ಬೇಡ. "ಇನ್ನೂ ನಡೀತದ್ ಬಿಡ್ರಿ" ಅನ್ನುವವರ ಮಾತು ಇಲ್ಲಿ ಕೇಳಬೇಡಿ.

ಹಿಂದಿನ ಬ್ರೇಕ್ ಬಗ್ಗೆ ಎರಡು ಮಾತು. ಸ್ವಿಫ್ಟ್‌ಗೆ ಹಿಂದೆ ಡ್ರಮ್. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ, ಹೆಚ್ಚಿನ ಕೆಲಸ ಮುಂದಿನ ಪ್ಯಾಡ್‌ನದ್ದೇ. ಮುಂದೆ ಸ್ವಲ್ಪ ಗಟ್ಟಿ ಪ್ಯಾಡ್ ಹಾಕಿದರೆ ಸಮತೋಲ ಮುಂದಕ್ಕೆ ಜರುಗುತ್ತದೆ, ಮುಂದಿನ ಚಕ್ರ ಲಾಕ್ ಆದರೂ ಗಾಡಿ ನೇರ ಹೋಗುತ್ತದೆ, ನಿಭಾಯಿಸಬಹುದು. ನಾಲ್ಕೂ ಡಿಸ್ಕ್ ಇರುವ ಗಾಡಿಯಲ್ಲಿ ಹಿಂದೆ ಮಾತ್ರ ಜೋರು ಪ್ಯಾಡ್ ಹಾಕುವ ಪ್ರಯೋಗ ಮಾಡಬೇಡಿ. ತಿರುವಿನಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ಗಿರ್ರನೆ ತಿರುಗುತ್ತದೆ.

ನಾನು ಹಾಕಿಸುತ್ತಿರುವುದು ನಡುವಿನ ಬಗೆಯದು. ತಣ್ಣಗಿದ್ದಾಗಲೂ ಮಾಮೂಲಿ ಪ್ಯಾಡ್‌ನಷ್ಟು ಹಿಡಿಯುತ್ತದೆ, ಮೇಲೆ ಸ್ವಲ್ಪ ಜಾಸ್ತಿ ಬಿಸಿ ತಡೆಯುತ್ತದೆ. ಅಲಾಯ್ ಚಕ್ರದ ಮೇಲೆ ಕಪ್ಪು ಧೂಳು ಕೂರುತ್ತದೆ, ವಾರಕ್ಕೊಮ್ಮೆ ತೊಳೆಯಬೇಕು. ಬೆಳಗ್ಗೆ ಒಂದೆರಡು ಸಲ ಕಿರ್ರ್ ಅನ್ನುತ್ತದೆ, ಮನೆಯವರು ಕೇಳುತ್ತಾರೆ, ಸುಮ್ನೆ ಹೊಸದು ಅಂತ ಹೇಳಿ. ಮಳೆಗಾಲದಲ್ಲಿ ಕಣಕುಂಬಿ ಕಡೆ ಹೋಗುವಾಗ ಯಾವ ಪ್ಯಾಡ್ ಆದರೂ ಆಗಾಗ ಹಗುರವಾಗಿ ಪೆಡಲ್ ಮುಟ್ಟಿ ಡಿಸ್ಕ್ ಮೇಲಿನ ನೀರು ಒರೆಸಿಕೊಳ್ಳಿ. ಘಾಟ್ ರಸ್ತೆಯಲ್ಲಿ ಪ್ಯಾಡ್ ಬೆಡ್ ಮಾಡುವುದು, ಎಷ್ಟು ಬೇಗ ಇಳಿದೆ ಅಂತ ಟೈಮ್ ನೋಡುವುದು ಬೇಡ. ಎದುರಿನಿಂದ ಬಸ್ಸು ಬರುತ್ತದೆ.

ಮೇಸ್ತ್ರಿ ಬೋಲ್ಟು ಬಿಗಿ ಮಾಡಿಯಾಯ್ತು. ಮೊದಲ ಸಲ ಗಾಡಿ ಅಲುಗಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಬೇಕು, ಪಿಸ್ಟನ್ ಹಿಂದೆ ಹೋಗಿರುತ್ತದೆ. ಈಗ ಅದನ್ನೇ ಮಾಡುತ್ತಿದ್ದೇನೆ. ನಿಮ್ಮ ಗಾಡಿ ಯಾವುದು, ಟೈರ್ ಸೈಜ್ ಎಷ್ಟು, ವಾರದಲ್ಲಿ ಜಾಸ್ತಿ ಓಡಿಸುವ ರಸ್ತೆ ಯಾವುದು, ಕೆಳಗೆ ಬರೆಯಿರಿ. ಪ್ಯಾಡ್ ಹೆಸರು ಆಮೇಲೆ ಮಾತಾಡೋಣ.