ಹಳೆ ಬೋರ್ಡೋವನ್ನು ಶೋಕೇಸಿನಲ್ಲಿ ಇಡಬೇಡಿ

ಬದಿಯಡ್ಕದಿಂದ ಎಲ್ಲರಿಗೂ ನಮಸ್ಕಾರ. ಬೋರ್ಡೋ ಅಂದ ಕೂಡಲೇ ನಮಗೆ ನೆನಪಾಗುವುದು ಅಡಿಕೆಯ ಕೊಳೆರೋಗಕ್ಕೆ ಬಿಡುವ ಮದ್ದು, ಅಲ್ವಾ? ಮೈಲುತುತ್ತು, ಸುಣ್ಣ. ಆ ಮದ್ದು 1880ರ ದಶಕದಲ್ಲಿ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋದ ದ್ರಾಕ್ಷಿ ತೋಟದಲ್ಲಿ. ಇವತ್ತು ಹೇಳಬೇಕಾದ್ದು ಅದೇ ಊರಿನ ವೈನಿನ ಬಗ್ಗೆ.

ಹೊರದೇಶದಲ್ಲಿರುವ ನಮ್ಮವರು ಏಲದಲ್ಲಿ ಹಳೆ ಬಾಟಲಿ ಕೊಂಡು ತರುತ್ತಾರೆ. ತಂದು ಶೋಕೇಸಿನಲ್ಲಿ ನಿಲ್ಲಿಸುತ್ತಾರೆ. ದಯವಿಟ್ಟು ಬೇಡ. ಹಳತಿನ ಬೆಲೆ ನಮಗೆ ಗೊತ್ತು. ಹೊಸ ಅಡಿಕೆಗೆ ಒಂದು ರೇಟು, ವರ್ಷಗಟ್ಟಲೆ ಇಟ್ಟ ಡಬ್ಬಲ್ ಚೋಲಿಗೆ ಇನ್ನೊಂದು. ಆದರೆ ಇಟ್ಟಲ್ಲಿ ಹುಳ ಹಿಡಿದರೆ ವರ್ಷ ಎಷ್ಟಾಗಿ ಏನು? ವೈನಿಗೆ 12–13 ಡಿಗ್ರಿ ತಂಪು ಬೇಕು, ಕತ್ತಲೆ ಬೇಕು. ಕಾರ್ಕ್ ಒಣಗದ ಹಾಗೆ ಮಲಗಿಸಿಡಬೇಕು. ಚಿಕ್ಕಪ್ಪನ ಮನೆಯಲ್ಲಿ ನಾಲ್ಕು ಬೇಸಿಗೆ ಸೆಕೆಯಲ್ಲಿ ನಿಂತಿದ್ದ ಬಾಟಲಿ ತೆಗೆದೆವು. ಮೂಗಿಗೆ ಬಡಿದದ್ದು ವಿನೆಗರ್. ತುಂಬಾ ಬೇಜಾರಾಯಿತು.

ಕೊಳ್ಳುವಾಗ ಲೇಬಲ್ಲಿಗಿಂತ ಮೊದಲು ವೈನ್ ಎಲ್ಲಿವರೆಗೆ ಇದೆ ನೋಡಿ. ವರ್ಷ ಕಳೆದ ಹಾಗೆ ಅದು ಸ್ವಲ್ಪ ಸ್ವಲ್ಪ ಆರುತ್ತದೆ. ಕುತ್ತಿಗೆಯ ಬುಡದವರೆಗೆ ಇದ್ದರೆ ಧೈರ್ಯ ಮಾಡಬಹುದು. ಭುಜದ ಅರ್ಧಕ್ಕೆ ಇಳಿದಿದ್ದರೆ ನಾನಂತೂ ಕೈ ಹಾಕುವುದಿಲ್ಲ. ಕೂಗಿದ ಬೆಲೆಯ ಮೇಲೆ ಏಲದವರ ಕಮಿಷನ್ ಬೇರೆ.

ಬಾವ ಲಂಡನ್ನಿನಿಂದ ಎರಡು ಬಾಟಲಿ ತಂದರು. ಬೋರ್ಡೋದ ಪೊಯಾಕ್ ಅನ್ನುವ ಊರಿನದು, 1986ರ ಬೆಳೆಯದ್ದು. ಕ್ಯಾಬರ್ನೆ ದ್ರಾಕ್ಷಿ ಜಾಸ್ತಿ ಇರುವ ವೈನ್, ಎಳೆಯದರಲ್ಲಿ ಬಾಯಿಯೆಲ್ಲ ಒಗರು. ಎರಡು ವಾರ ಫ್ರಿಜ್ಜಿನಲ್ಲಿ ಅಲ್ಲಾಡಿಸದೆ ಇಟ್ಟೆ. ಗಸಿ ತಳಕ್ಕೆ ಇಳಿಯಲಿ ಅಂತ ಕೊನೆಯ ಎರಡು ದಿನ ಒಂದನ್ನು ನೆಟ್ಟಗೆ ನಿಲ್ಲಿಸಿದೆ. ಹಳೆ ಕಾರ್ಕಿಗೆ ಸ್ಕ್ರೂ ಹಾಕಿದರೆ ಪುಡಿಯಾಗಬಹುದು. ಅದಕ್ಕೇ ಎರಡು ತೆಳು ಅಲಗಿನ ಆ-ಸೋ ಓಪನರ್ ಬಳಸಿದೆ. ಕಾರ್ಕಿಗೂ ಗಾಜಿಗೂ ನಡುವೆ ಅತ್ತ ಇತ್ತ ಆಡಿಸುತ್ತಾ ಇಳಿಸಿ, ತಿರುಗಿಸುತ್ತಾ ಎಳೆದೆ. ಕಪ್ಪಗೆ, ಒದ್ದೆ ಒದ್ದೆಯಾಗಿ, ಇಡೀ ಕಾರ್ಕ್ ಬಂತು! ಬಾವ ಕುತ್ತಿಗೆಯ ಕೆಳಗೆ ಮೊಬೈಲ್ ಟಾರ್ಚ್ ಹಿಡಿದರು. ನಾನು ನಿಧಾನವಾಗಿ ಜಗ್ಗಿಗೆ ಬಗ್ಗಿಸಿದೆ. ಗಸಿಯ ಕಪ್ಪು ಗೆರೆ ಕುತ್ತಿಗೆಗೆ ಬಂದ ಕೂಡಲೇ ನಿಲ್ಲಿಸಿದೆ.

ಗ್ಲಾಸಿನ ಅಂಚಿನಲ್ಲಿ ನಮ್ಮ ಮುರಕಲ್ಲಿನ ಬಣ್ಣ. ಮೊದಲು ಬಂದದ್ದು ಮುಗ್ಗಲು ವಾಸನೆ. ಬಾವ ಮುಖ ಕಿವುಚಿದರು. ಎಷ್ಟೋ ಜನ ಈ ಗಳಿಗೆಯಲ್ಲೇ ಹಾಳಾಯಿತು ಅಂತ ಚೆಲ್ಲಿಬಿಡುತ್ತಾರೆ. ಸ್ವಲ್ಪ ಕಾಯಿರಿ. ಇಪ್ಪತ್ತು ನಿಮಿಷ ಆದಾಗ ಮೊದಲ ಮಳೆಗೆ ನೆನೆದ ಸೋಗೆಯ ಪರಿಮಳ ಎದ್ದಿತು, ಹಿಂದೆಯೇ ಒಣಗಿದ ಹೊಗೆಸೊಪ್ಪಿನದು. ಒಗರೆಲ್ಲ ಮೆತ್ತಗಾಗಿ ನಾಲಿಗೆ ಮೇಲೆ ಸುಮ್ನೆ ಜಾರುತ್ತಿತ್ತು. ಒಂದೂವರೆ ಗಂಟೆಗೆ ಪರಿಮಳ ಇಳಿಯತೊಡಗಿತು. ಅಷ್ಟು ವರ್ಷ ಕಾದದ್ದು ಆ ಒಂದೂವರೆ ಗಂಟೆಗೆ. ಅದನ್ನು ಶೋಕೇಸಿನಲ್ಲಿ ಕೊಲ್ಲುವುದು ಯಾಕೆ ಹೇಳಿ?

ಇನ್ನೊಂದು ಬಾಟಲಿ ಇದೆ. ಇವತ್ತು ಬೆಳಗ್ಗೆ ನೆಟ್ಟಗೆ ನಿಲ್ಲಿಸಿದ್ದೇನೆ. ಶನಿವಾರ ಸಂಜೆ ಚಿಕ್ಕಪ್ಪನಿಗೂ ಬರಲು ಹೇಳಿದ್ದೇನೆ.