ಮೀನಿನ ತೊಟ್ಟಿಗೂ ನಿಧಾನವಾಗಿ ಬೆಳಗಾಗಲಿ

ಕೇಳುಗರೇ, ನಮಸ್ಕಾರ.

ಕತ್ತಲಲ್ಲಿರುವ ಮೀನಿನ ತೊಟ್ಟಿಗೆ ಥಟ್ಟನೆ ಲೈಟು ಹಾಕಿ ನೋಡಿದ್ದೀರಾ? ರಾತ್ರಿ ಬಣ್ಣ ಮಾಸಿಕೊಂಡು ಮಲಗಿದ್ದ ನಿಯಾನ್ ಟೆಟ್ರಾಗಳು ಗಾಬರಿಬಿದ್ದು ಗಾಜಿಗೆ ಬಡಿದುಕೊಳ್ಳುತ್ತವೆ. ಅವುಗಳ ನೀಲಿ, ಕೆಂಪು ಮರಳಲು ಒಂದಷ್ಟು ಹೊತ್ತು ಬೇಕು. ಆ ಹೊತ್ತನ್ನು ಅವಕ್ಕೆ ಕೊಡಬೇಕೆಂದೇ ನಾನು ಡಿಮ್ ಆಗುವ ಎಲ್‌ಇಡಿ ಲೈಟನ್ನು ಕಂಟ್ರೋಲರಿಗೆ, ಅಂದರೆ ಹೊತ್ತಿಗೆ ತಕ್ಕಂತೆ ಬೆಳಕು ಏರಿಸಿ ಇಳಿಸುವ ಪುಟ್ಟ ಕಂಪ್ಯೂಟರಿಗೆ, ಜೋಡಿಸಿದ್ದು.

ಎಲ್‌ಇಡಿಗೆ ಕರೆಂಟು ಕೊಡುವ ಡಬ್ಬಿಗೆ ಡ್ರೈವರ್ ಅನ್ನುತ್ತಾರೆ. ಡಿಮ್ ಆಗುವ ಡ್ರೈವರಿನಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ವೈರು ಹೆಚ್ಚಿಗೆ ಇರುತ್ತವೆ: ಡಿಮ್ ಪ್ಲಸ್, ಡಿಮ್ ಮೈನಸ್. ಕಂಟ್ರೋಲರಿನ ಅಪ್ಪಣೆ ಹೋಗುವುದು ಇವುಗಳ ಮೂಲಕ. ಕೆಲವು ಡ್ರೈವರುಗಳಿಗೆ 0ಯಿಂದ 10 ವೋಲ್ಟಿನವರೆಗೆ ಏರಿಳಿಯುವ ಒತ್ತಡ ಬೇಕು; 5 ವೋಲ್ಟ್ ಕೊಟ್ಟರೆ ಸುಮಾರು ಅರ್ಧ ಬೆಳಕು. ಇನ್ನು ಕೆಲವಕ್ಕೆ ಪಿಡಬ್ಲ್ಯುಎಂ ಬೇಕು, ಅಂದರೆ ಸೆಕೆಂಡಿಗೆ ನೂರಾರು ಸಲ ಹತ್ತಿ ಆರುವ ಸಂಕೇತ. ಕಂಟ್ರೋಲರಾಗಿ ಬಳಸುವ ಆರ್ಡುಯಿನೊ ಊನೊ ಎಂಬ ಬೋರ್ಡಿನ ಹೆಚ್ಚಿನ ಪಿಡಬ್ಲ್ಯುಎಂ ಪಿನ್ನುಗಳು ಸೆಕೆಂಡಿಗೆ ಸುಮಾರು 490 ಸಲ ಹೀಗೆ ಮಾಡುತ್ತವೆ, ಅದೂ 5 ವೋಲ್ಟಿನಲ್ಲಿ. 10 ವೋಲ್ಟ್ ಕೇಳುವ ಡ್ರೈವರಿಗೆ ಇದು ಸಾಲದು, ನಡುವೆ ಒಂದು ಪುಟ್ಟ ಸರ್ಕೀಟು ಬೇಕು. ಇನ್ನೊಂದು ಮಾತು: ಎಷ್ಟೋ ಡ್ರೈವರುಗಳ ಡಿಮ್ ವೈರಿನಲ್ಲಿ ತಮ್ಮದೇ 10 ವೋಲ್ಟ್ ಇರುತ್ತದೆ. ದಯವಿಟ್ಟು ಮೊದಲು ಮಲ್ಟಿಮೀಟರ್ ಹಿಡಿದು ನೋಡಿ, ಆಮೇಲೆ ಜೋಡಿಸಿ.

ನನ್ನ ತೊಟ್ಟಿಯಲ್ಲಿ ಮೊದಲ ಸಂಜೆ ಬಹಳ ಚೆನ್ನಾಗಿ ಇಳಿಯಿತು. ಆದರೆ ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದರೆ, ನಡುಮನೆ ಗೋಡೆಯ ಮೇಲೆಲ್ಲ ಮಂದ ಬೆಳಕು! ಮೀನುಗಳು ಮಲಗಿಯೇ ಇರಲಿಲ್ಲ. ನನ್ನದು 1ರಿಂದ 10 ವೋಲ್ಟಿನ ಡ್ರೈವರು. ಎಷ್ಟು ಇಳಿಸಿದರೂ ಪೂರ್ತಿ ಆರುವಂಥದ್ದಲ್ಲ. ನೂರಕ್ಕೆ ಹತ್ತರಷ್ಟು ಬೆಳಕೂ ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಸಾಕಷ್ಟು ಹೆಚ್ಚೇ. ಕೊನೆಗೆ ಡ್ರೈವರಿಗೆ ಬರುವ 230 ವೋಲ್ಟಿನ ಲೈನಿಗೇ ಒಂದು ರಿಲೇ, ಅಂದರೆ ಕಂಟ್ರೋಲರಿನ ಅಪ್ಪಣೆಗೆ ಕೆಲಸ ಮಾಡುವ ಸ್ವಿಚ್ಚು, ಹಾಕಿಸಿದೆ. ಈ ಕೆಲಸಕ್ಕೆ ಮಾತ್ರ ಎಲೆಕ್ಟ್ರಿಷಿಯನ್‌ರನ್ನೇ ಕರೆಯಿರಿ. ಆ ಪ್ಲಗ್ಗು 30 ಮಿಲಿಆಂಪಿಯರಿನ ಆರ್‌ಸಿಸಿಬಿಯ, ಅಂದರೆ ಕರೆಂಟು ಸೋರಿದರೆ ಥಟ್ಟನೆ ಲೈನು ಕಡಿಯುವ ಸ್ವಿಚ್ಚಿನ, ಕೆಳಗಿರಲಿ. ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಬಂದು ಮತ್ತೆ ಮೇಲೇರಲಿ, ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಕರೆಂಟು ಹೋಗಿ ಬಂದಾಗ ಬರಿಯ ಆರ್ಡುಯಿನೊಗೆ ಗಂಟೆ ಎಷ್ಟೆಂಬುದು ಮರೆತುಹೋಗಿರುತ್ತದೆ; ನಡುರಾತ್ರಿಗೆ ಬೆಳಗಾದರೂ ಆಯಿತು. ಡಿಎಸ್ 3231 ಎಂಬ ಗಡಿಯಾರದ ಚಿಪ್ಪಿಗೆ ಬಟನ್ ಸೆಲ್ ಹಾಕಿಟ್ಟರೆ ಸಮಯ ತಪ್ಪುವುದಿಲ್ಲ.

ಗಿಡಗಳಿರುವ ನನ್ನ ತೊಟ್ಟಿಗೆ ದಿನಕ್ಕೆ ಎಂಟು ಗಂಟೆ ಬೆಳಕು. ಅದಕ್ಕಿಂತ ಹೆಚ್ಚಾದಾಗ ಗಾಜಿಗೆ ಪಾಚಿ ಕಟ್ಟಿತ್ತು. ಬೆಳಗು ಏರುವುದಕ್ಕೆ ಮುಕ್ಕಾಲು ಗಂಟೆ, ಸಂಜೆ ಇಳಿಯುವುದಕ್ಕೂ ಅಷ್ಟೇ. ಈಗ ಬೆಳಕು ಇಳಿಯತೊಡಗಿದರೆ ಟೆಟ್ರಾಗಳು ಒಂದೊಂದಾಗಿ ಮರದ ಬೊಡ್ಡೆಯ ಹತ್ತಿರ ಸೇರುತ್ತವೆ. ರಿಲೇ ಟಕ್ಕೆನ್ನುವ ಹೊತ್ತಿಗೆ ಅವುಗಳ ನೀಲಿ ಗೆರೆ ಆಗಲೇ ಮಾಸಿರುತ್ತದೆ.

ನಮಸ್ಕಾರ.